ನಮ್ಮ ಕಡೆಯ ಪಿಚ್ಚರ್ ನಮಗೇ ಯಾಕೆ ಸಿಗೋದಿಲ್ಲ?

2024ರ ಜೂನ್. ಕೆಲಸದ ಮೇಲೆ ಕಲಬುರಗಿಯಿಂದ ಬೆಂಗಳೂರಿಗೆ ಹೋಗಿದ್ದೆ. ಸಂಜೆ ಬಿಡುವಿತ್ತು. 'ಶಿವಮ್ಮ' ಸಿನಿಮಾಕ್ಕೆ ಒಂದು ಶೋ ಇದೆ ಅಂತ ಗೊತ್ತಾಗಿ ಮೆಟ್ರೊ ಹತ್ತಿ ಓಡಿದೆ. ಒಳಗೆ ಎಣಿಸಿದರೆ ಹನ್ನೊಂದು ಜನ.

ಶಿವಮ್ಮ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಹೆಂಗಸು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ. ಯಾರೋ ತಲೆ ತುಂಬಿ ಚೈನ್ ಮಾರ್ಕೆಟಿಂಗ್‌ಗೆ ಸೇರಿಸುತ್ತಾರೆ. ಕೂಡಿಟ್ಟ ರೊಕ್ಕ ಹಾಕಿ, ಶಕ್ತಿ ಬರೋ ಪಾನೀಯ ಅಂತ ಮನೆ ಮನೆಗೆ ಹೊತ್ತು ಮಾರುತ್ತಾಳೆ. ಒಂದು ಕಡೆ ಆಕೆ ಪೂರಾ ನಂಬಿಕೆಯಿಂದ, ಕಣ್ಣು ಅರಳಿಸಿಕೊಂಡು, ಇದನ್ನು ಕುಡಿದರೆ ಏನೇನಾಗುತ್ತೆ ಅಂತ ಹೇಳುತ್ತಿದ್ದಳು. ನನ್ನ ಹಿಂದಿನ ಸಾಲಿನಲ್ಲಿ ಇಬ್ಬರು ಗೊಳ್ಳಂತ ನಕ್ಕರು.

ನಗುವಂಥ ಮಾತೇನೂ ಅಲ್ಲಿರಲಿಲ್ಲ. ಅವರು ನಕ್ಕಿದ್ದು ಆ ಕನ್ನಡಕ್ಕೆ. ಬೈಯಬೇಕು ಅನ್ನಿಸಲಿಲ್ಲ. ಎಷ್ಟೋ ವರ್ಷದಿಂದ ತೆರೆಯ ಮೇಲೆ ಆ ಧಾಟಿ ಕೇಳಿದ ಕೂಡಲೇ ನಗಬೇಕು ಅಂತ ಅವರಿಗೆ ಅಭ್ಯಾಸ ಮಾಡಿಸಿದ್ದೇ ನಮ್ಮ ಸಿನಿಮಾ, ಅಲ್ವಾ?

ಈ ಸಿನಿಮಾ 2022ರಲ್ಲೇ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತ್ತು. ನಿರ್ದೇಶಕ ಜೈಶಂಕರ್ ಆರ್ಯರ್, ನಿರ್ಮಾಪಕ ರಿಷಬ್ ಶೆಟ್ಟಿ. ಕೊರಿಯಾದವರು ನೋಡಿ ಎರಡು ವರ್ಷ ಆಗುವ ಹೊತ್ತಿಗೆ ನಾನು ನೋಡಿದೆ. ಅದೂ ನಮ್ಮ ಕಲಬುರಗಿಯಲ್ಲಿ ಅಲ್ಲ, ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕಾದ ಊರಲ್ಲಿ. ನಮ್ಮೂರಿಗೆ ಒಂದೆರಡು ಶೋ ಬಂದಿತ್ತೋ ಏನೋ, ನಮಗೆ ತಿಳಿಯುವಷ್ಟು ದಿನವಂತೂ ಇರಲಿಲ್ಲ.

ಆವತ್ತಿನಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಕಡೆಯ ಕಥೆ ಯಾರೂ ಮಾಡೋದಿಲ್ಲ ಅಂತ ನಾವು ದೂರುತ್ತೇವೆ. ಈಗ ಮಾಡುವವರಿದ್ದಾರೆ. ಹಾಗಾದರೆ ಅವು ಎಲ್ಲಿ ಹೋಗುತ್ತವೆ?

ಮೊದಲು ಭಾಷೆಯ ವಿಷಯ ಮುಗಿಸೋಣ. ಬೆಂಗಳೂರಿನ ಸಿನಿಮಾಕ್ಕೆ 'ಉತ್ತರ ಕರ್ನಾಟಕ' ಅಂದರೆ ಒಂದೇ ಊರು. ಧೋತರ, ಮೀಸೆ, ರೊಟ್ಟಿ, ಮಾತಿಗೊಮ್ಮೆ 'ಹೌದ್ರಿ', ಕೊನೆಗೊಂದು 'ಐತಿ'. ಕಲಬುರಗಿಯಲ್ಲಿ ಹುಟ್ಟಿದವನಿಗೆ ಆ 'ಐತಿ' ಕೇಳಿದ ಕೂಡಲೇ ಗೊತ್ತಾಗುತ್ತೆ, ಇವನು ನಮ್ಮವನಲ್ಲ ಅಂತ. ನಾವು 'ಅದ' ಅನ್ನೋರು. ಧಾರವಾಡದ ಕಡೆಯವರು 'ಮಾಡಾಕತ್ತೀನಿ' ಅಂದರೆ ನಾವು 'ಮಾಡ್ಲಕತ್ತೀನಿ'. ಆಳಂದದ ಆಚೆ ಹೋದರೆ ಮರಾಠಿ ಸೇರುತ್ತೆ. ಸೇಡಂ, ಗುರುಮಠಕಲ್ ಕಡೆ ತೆಲುಗು. ಪಟ್ಟಣದೊಳಗೆ ದಖನಿ ಉರ್ದು ಇಲ್ಲದೆ ಬಾಯೇ ತೆರೆಯೋದಿಲ್ಲ. ಪರೇಶಾನ್, ನಸೀಬ್, ಖಾಲಿಪೀಲಿ ಇವೆಲ್ಲ ಯಾವ ಭಾಷೆಯ ಮಾತು ಅಂತ ನಮ್ಮವ್ವನಿಗೆ ಕೇಳಿದರೆ 'ಕನ್ನಡಾನೇ' ಅಂತಾಳೆ. ಈ ಬೆರಕೆ ಮಾತನ್ನು ಅದರ ಪಾಡಿಗೆ ಬಿಟ್ಟ ಕನ್ನಡ ಸಿನಿಮಾ ನನಗೆ ಇನ್ನೂ ಸಿಕ್ಕಿಲ್ಲ. 'ಶಿವಮ್ಮ' ಕೂಡ ಕೊಪ್ಪಳದ ಕನ್ನಡ, ನಮ್ಮದಲ್ಲ. ಆದರೆ ಆ ಪಾತ್ರ ಮಾಡಿದ ಶರಣಮ್ಮ ಚಟ್ಟಿಯವರ ಬಾಯಲ್ಲಿ ಅದು ಯಾರೋ ಹೇಳಿಕೊಟ್ಟ ಮಾತಿನ ಹಾಗೆ ಕೇಳೋದಿಲ್ಲ. ಅದೇ ದೊಡ್ಡದು.

'ಆ ಭಾಷೆಯಲ್ಲಿ ಮಾಡಿದರೆ ಎಲ್ಲರಿಗೂ ಅರ್ಥ ಆಗಲ್ಲ' ಅನ್ನೋದು ಹಳೇ ನೆಪ. ಈಗ ಅದನ್ನು ಯಾರೂ ನಂಬಬೇಕಿಲ್ಲ. 2022ರ 'ಕಾಂತಾರ' ಕರಾವಳಿಯ ಕನ್ನಡದಲ್ಲಿ ಬಂತು. ನಮ್ಮೂರಲ್ಲಿ ತುಳುನಾಡು ನೋಡದವರೂ ಕೊನೆಯ ಇಪ್ಪತ್ತು ನಿಮಿಷ ಕುರ್ಚಿಯ ತುದಿಯಲ್ಲಿ ಕೂತಿದ್ದರು. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ನೋಡಿ. ದೊಡ್ಡ ಸ್ಟಾರ್ ಇಲ್ಲ, ಮುಂಚೆ ಅಬ್ಬರದ ಪ್ರಚಾರ ಇಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಹೊಸಬರು. ಒಂದು ಹಳ್ಳಿ, ಒಂದು ದೆವ್ವ, ಮಂಗಳೂರ ಕಡೆಯ ಮಾತು, ಅಷ್ಟೇ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಟಾಕೀಸ್ ತುಂಬಿತು. ಅದಕ್ಕೂ ಮುಂಚೆ 'ತಿಥಿ' ಮಂಡ್ಯದ ಹಳ್ಳಿಯವರನ್ನೇ ನಿಲ್ಲಿಸಿ ಅವರ ಮಾತಲ್ಲೇ ಬಂದಿತ್ತು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡು, ಇಲ್ಲೂ ಓಡಿತು.

ನನ್ನ ಅಭಿಪ್ರಾಯ ಕೇಳಿದರೆ, 'ಸು ಫ್ರಮ್ ಸೋ' ನಗು 'ಕಾಂತಾರ ಅಧ್ಯಾಯ 1'ರ ಯುದ್ಧಕ್ಕಿಂತ ಜಾಸ್ತಿ ದಿನ ನನ್ನ ಜೊತೆ ಉಳಿಯಿತು. 2025ರ ಅಕ್ಟೋಬರ್ 2ರಂದು ಬಂದ ಆ ಎರಡನೇ 'ಕಾಂತಾರ'ದಲ್ಲಿ ಎಲ್ಲವೂ ದೊಡ್ಡದಾಗಿದೆ, ಮನುಷ್ಯರು ಮಾತ್ರ ಸಣ್ಣವರಾಗಿದ್ದಾರೆ. ಮೊದಲನೆಯದರಲ್ಲಿ ಜಮೀನಿನ ಜಗಳ ಇತ್ತು. ಅರಣ್ಯ ಇಲಾಖೆಯವನ ಜೊತೆಗಿನ ಕಿರಿಕಿರಿ ಇತ್ತು. ನಮಗೆ ಹತ್ತಿದ್ದು ಅದೇ.

ಕರಾವಳಿಯವರಿಗೆ ಇದು ಸುಮ್ನೆ ಒಲಿದದ್ದಲ್ಲ. ತುಳು ಸಿನಿಮಾ 1971ರಿಂದ ಇದೆ. ತುಳು ನಾಟಕಗಳಿಗೆ ಟಿಕೆಟ್ ಕೊಂಡು ಹೋಗುವ ಜನ ಇದ್ದಾರೆ, ಯಕ್ಷಗಾನದ ಮೇಳಗಳಿವೆ. ಅಂದರೆ ನಟ, ಬರಹಗಾರ, ಪ್ರೇಕ್ಷಕ ಮೂವರೂ ಮೊದಲೇ ಒಬ್ಬರಿಗೊಬ್ಬರು ಪರಿಚಯ. ನಮ್ಮ ಕಡೆ ದೊಡ್ಡಾಟ ಇತ್ತು, ಕಂಪನಿ ನಾಟಕ ಇತ್ತು. ಈಗ ನಮ್ಮ ಮಾತು ಜಾಸ್ತಿ ಬದುಕಿರೋದು ಯೂಟ್ಯೂಬಿನ ಹತ್ತು ನಿಮಿಷದ ಕಾಮಿಡಿಯಲ್ಲಿ. ಲಕ್ಷಗಟ್ಟಲೆ ಜನ ನೋಡುತ್ತಾರೆ, ನಾನೂ ನೋಡುತ್ತೇನೆ. ಆದರೆ ಅಲ್ಲೂ ಅದೇ ಮಾಮೂಲು, ನಮ್ಮ ಭಾಷೆ ಅಂದರೆ ನಗಿಸೋಕೆ. ಬೇರೆಯವರು ಮಾಡಿದ ತಮಾಷೆಯನ್ನೇ ನಾವೂ ಕಲಿತುಬಿಟ್ಟೆವೋ ಏನೋ.

ಕರಾವಳಿಗಿಂತ ನಮಗೆ ಹತ್ತಿರದ ಉದಾಹರಣೆ ಸೇಡಂ ದಾಟಿದರೆ ಸಿಗುತ್ತೆ. ತೆಲಂಗಾಣ.

ನಾವು, ತೆಲಂಗಾಣ, ಮರಾಠವಾಡ ಮೂರೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಕೈಕೆಳಗೆ ಇದ್ದವರು. 1956ರಲ್ಲಿ ಭಾಷೆಯ ಮೇಲೆ ಹಂಚಿಹೋದೆವು. ಹಂಚಿಹೋದ ಮೂವರದೂ ಒಂದೇ ಹಣೆಬರಹ. ದೊಡ್ಡ ರಾಜ್ಯಕ್ಕೆ ಸೇರಿದೆವು, ಮತ್ತು ನಮ್ಮ ಮಾತು ಅಲ್ಲಿನ ಉಳಿದವರ ಕಿವಿಗೆ ಒರಟಾಯಿತು. ತೆಲುಗು ಸಿನಿಮಾದಲ್ಲಿ ಬಹಳ ಕಾಲ ತೆಲಂಗಾಣದ ಮಾತು ಅಂದರೆ ರೌಡಿಗೆ, ಇಲ್ಲವೇ ಮನೆಗೆಲಸದವನ ಕಾಮಿಡಿಗೆ. ನಾಯಕ ಮಾತಾಡುತ್ತಿದ್ದದ್ದು ಕೋಸ್ತಾ, ಅಂದರೆ ಆಂಧ್ರದ ಕರಾವಳಿ ಕಡೆಯ ತೆಲುಗು.

2014ರಲ್ಲಿ ತೆಲಂಗಾಣ ಬೇರೆ ರಾಜ್ಯ ಆಯಿತು. ಅದಾದ ಮೇಲೆ ಗಾಳಿ ತಿರುಗಿತು. 2017ರ 'ಫಿದಾ'ದಲ್ಲಿ ಬಾನ್ಸವಾಡದ ಹುಡುಗಿಯಾಗಿ ಸಾಯಿ ಪಲ್ಲವಿ ತೆಲಂಗಾಣದ ಮಾತನ್ನೇ ಆಡಿದಳು, ಅದೂ ನಾಯಕಿಯಾಗಿ. 2023ರ ಮಾರ್ಚ್‌ನಲ್ಲಿ 'ಬಲಗಂ' ಬಂತು. ವೇಣು ಯೆಲ್ದಂಡಿ ಅದುವರೆಗೆ ಕಾಮಿಡಿ ನಟ. ನಿರ್ದೇಶಕರಾಗಿ ಅವರ ಮೊದಲ ಸಿನಿಮಾ ಅದು.

ನಾನು 'ಬಲಗಂ' ನೋಡಿದ್ದು ಸೇಡಂನ ಗೆಳೆಯನ ಮನೆಯಲ್ಲಿ. ಅವನ ಮನೆಮಾತು ತೆಲುಗು. ಕಥೆ ಇಷ್ಟೇ. ಅಜ್ಜ ಸತ್ತಿದ್ದಾನೆ. ಪಿಂಡ ಇಟ್ಟರೆ ಕಾಗೆ ಮುಟ್ಟುತ್ತಿಲ್ಲ. ಅಜ್ಜನಿಗೆ ಏನೋ ಆಸೆ ಉಳಿದಿದೆ ಅಂತ ಊರೆಲ್ಲಾ ಮಾತು. ಮನೆಯೊಳಗೆ ನೋಡಿದರೆ ಅಳಿಯನಿಗೂ ಭಾವಮೈದುನನಿಗೂ ವರ್ಷಾನುಗಟ್ಟಲೆ ಮಾತಿಲ್ಲ. ಕಾರಣ ಏನು ಗೊತ್ತಾ? ಊಟಕ್ಕೆ ಕೂತಾಗ ಮಟನ್ ಸಾರಿನ ನಳ್ಳಿ ಅಳಿಯನ ತಟ್ಟೆಗೆ ಬೀಳಲಿಲ್ಲ. ಒಂದು ಎಲುಬಿಗೆ ಮನೆ ಒಡೆದಿದೆ. ಅಲ್ಲಿ ಗೆಳೆಯನ ಅಪ್ಪ ಎದ್ದು ಹೊರಗೆ ಹೋದರು. ಬೀಡಿ ಸೇದೋಕೆ ಅಂದುಕೊಂಡೆ. ಆಮೇಲೆ ಗೆಳೆಯ ಹೇಳಿದ, ಅವರೂ ತಮ್ಮನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ ಆಗಿದೆಯಂತೆ. ಕಾರಣ ಇನ್ನೂ ಸಣ್ಣದು, ಬೇಡ ಬಿಡಿ.

ಆ ಸಿನಿಮಾವನ್ನು ತೆಲಂಗಾಣದ ಹಳ್ಳಿಗಳಲ್ಲಿ ಊರವರೆಲ್ಲ ಕೂಡಿ, ಬಯಲಲ್ಲಿ ಪರದೆ ಕಟ್ಟಿ ನೋಡಿದ್ದು ಆಗ ದೊಡ್ಡ ಸುದ್ದಿ. ನಿರ್ಮಾಪಕರು ಇದಕ್ಕೆ ತಕರಾರು ತೆಗೆದದ್ದೂ ಸುದ್ದಿಯೇ. ತಮ್ಮ ಮಾತು ತೆರೆಯ ಮೇಲೆ ಕೇಳಿದರೆ ಜನ ಏನು ಮಾಡುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮರಾಠಿಯದೂ ಹೀಗೇ. ನಿರ್ದೇಶಕ ನಾಗರಾಜ್ ಮಂಜುಳೆ ಸೋಲಾಪುರ ಜಿಲ್ಲೆಯ ಕರ್ಮಾಳೆಯವರು. 2013ರ 'ಫ್ಯಾಂಡ್ರಿ', 2016ರ 'ಸೈರಾಟ್' ಎರಡರಲ್ಲೂ ಆ ಕಡೆಯ ಒಣ ನೆಲ, ಜಾತಿ, ಮಾತು ಹಾಗೇ ಇದೆ. ಸೋಲಾಪುರ ನಮಗೆ ನೂರು ಕಿಲೋಮೀಟರಿನ ಚಿಲ್ಲರೆ ದಾರಿ. 'ಸೈರಾಟ್' ಆಮೇಲೆ ಕನ್ನಡಕ್ಕೆ 'ಮನಸು ಮಲ್ಲಿಗೆ' ಅಂತ ಬಂತು. ಅದರಲ್ಲಿ ಆ ನೆಲದ ವಾಸನೆ ನನ್ನ ಮೂಗಿಗೆ ಬರಲಿಲ್ಲ. ಮಗ್ಗುಲಿನ ಊರಿನ ಕಥೆ ಬೆಂಗಳೂರು ಸುತ್ತಿಕೊಂಡು ನಮ್ಮಲ್ಲಿಗೆ ಬಂದಿತ್ತು.

ಹಾಗಾದರೆ ನಮಗೆ ಏನು ಅಡ್ಡಿ? ಪ್ರತಿಭೆಯ ಕೊರತೆ ಅಂತ ಹೇಳಿದರೆ ನಾನು ಒಪ್ಪೋದಿಲ್ಲ. ನನ್ನ ಪ್ರಕಾರ ಅಡ್ಡಿ ಇರೋದು ದಾರಿಯಲ್ಲಿ. ಸಿನಿಮಾ ನಮ್ಮೂರಿಗೆ ಬರುವ ದಾರಿಯಲ್ಲಿ.

ಸಿನಿಮಾ ವ್ಯಾಪಾರದವರ ನಕ್ಷೆ ಬೇರೆಯೇ ಇದೆ. ಹಿಂದಿ ಸಿನಿಮಾ ಹಂಚುವವರಿಗೆ ನಾವು ಇವತ್ತಿಗೂ 'ನಿಜಾಂ' ಏರಿಯಾ. ಹುಬ್ಬಳ್ಳಿ, ಬೆಳಗಾವಿ ಕಡೆ 'ಬಾಂಬೆ'ಗೆ ಸೇರಿದ್ದು. ದಕ್ಷಿಣದವರು 'ಮೈಸೂರು'. ನಿಜಾಮ ಹೋಗಿ ಮುಕ್ಕಾಲು ಶತಮಾನ ದಾಟಿತು, ಸಿನಿಮಾ ಲೆಕ್ಕದಲ್ಲಿ ಅವನಿನ್ನೂ ಹೋಗಿಲ್ಲ. ಕನ್ನಡ ಸಿನಿಮಾದವರ ಲೆಕ್ಕದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ. ನಾವು 'ಹೈದರಾಬಾದ್ ಕರ್ನಾಟಕ'. ಸರ್ಕಾರ 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಿಸಿತು, ಸಿನಿಮಾದವರ ಗಾಂಧಿನಗರದಲ್ಲಿ ಇನ್ನೂ ಹಳೇ ಹೆಸರೇ ಓಡುತ್ತದೆ. ನಿರ್ಮಾಪಕನ ಕಣ್ಣು ಮೊದಲು ಬಿಕೆಟಿ ಮೇಲೆ. ಅಲ್ಲಿ ಮಲ್ಟಿಪ್ಲೆಕ್ಸ್ ಜಾಸ್ತಿ, ಟಿಕೆಟ್ ಬೆಲೆ ಜಾಸ್ತಿ. ನಮ್ಮ ಕಡೆಯದು ಬಂದರೆ ಬಂತು.

ಇನ್ನು ಟಾಕೀಸಿನ ಲೆಕ್ಕ. ಮಲ್ಟಿಪ್ಲೆಕ್ಸಿನಲ್ಲಿ ಬಂದ ದುಡ್ಡನ್ನು ಪರ್ಸೆಂಟೇಜ್ ಮೇಲೆ ಹಂಚಿಕೊಳ್ಳುತ್ತಾರೆ. ಮೊದಲ ವಾರ ಹತ್ತಿರ ಹತ್ತಿರ ಅರ್ಧ ಅರ್ಧ. ವಾರ ಕಳೆದಂತೆ ನಿರ್ಮಾಪಕನ ಪಾಲು ಇಳಿಯುತ್ತೆ. ಕರ್ನಾಟಕದ ಸಿಂಗಲ್ ಸ್ಕ್ರೀನ್‌ಗಳಲ್ಲಿ ಮೊದಲಿನಿಂದ ನಡೆದು ಬಂದದ್ದು ಬಾಡಿಗೆ ಪದ್ಧತಿ. ಜನ ಬರಲಿ ಬಿಡಲಿ, ಸಿನಿಮಾದವನು ವಾರಕ್ಕೆ ಇಷ್ಟು ಅಂತ ಟಾಕೀಸಿಗೆ ಕಟ್ಟಬೇಕು. ಅದರ ಮೇಲೆ ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳ ಶುಲ್ಕ. ಈ ಶುಲ್ಕದ ಜಗಳಕ್ಕೇ 2018ರ ಮಾರ್ಚ್‌ನಲ್ಲಿ ದಕ್ಷಿಣ ಭಾರತದಲ್ಲಿ ಹೊಸ ಸಿನಿಮಾ ಬಿಡುಗಡೆ ನಿಂತಿತ್ತು. ಹತ್ತು ಕಡೆ ಸಾಲ ಮಾಡಿ ಸಣ್ಣ ಸಿನಿಮಾ ಮಾಡಿದವನು ಇಷ್ಟು ಕಟ್ಟಿ ಕಲಬುರಗಿಯಲ್ಲಿ ಒಂದು ವಾರ ನಿಲ್ಲೋದು ಅಂದರೆ ಜೂಜು.

ಬೇರೆ ಭಾಷೆಗಳ ಪೈಪೋಟಿಯೂ ಇಲ್ಲಿ ಬೇರೆ ಥರ. ಹೈದರಾಬಾದ್ ನಮಗೆ 220 ಕಿ.ಮೀ. ಆಸುಪಾಸು, ಬೆಂಗಳೂರು ಅದರ ಎರಡೂವರೆ ಪಟ್ಟು. ಶುಕ್ರವಾರ ಬೆಳಿಗ್ಗೆ ಸೂಪರ್ ಮಾರ್ಕೆಟ್ ಕಡೆ ಪೋಸ್ಟರ್ ನೋಡುತ್ತಾ ಬನ್ನಿ. ಒಂದು ಹಿಂದಿ, ಒಂದು ತೆಲುಗು, ಒಂದು ಕನ್ನಡ, ಮೂಲೆಯಲ್ಲೊಂದು ಡಬ್ ಆದ ಇಂಗ್ಲಿಷ್. ಮೂರೂ ಭಾಷೆ ತಿಳಿಯುವ ಜನ ನಾವು, ಯಾವುದು ಚೆನ್ನಾಗಿದೆಯೋ ಅದಕ್ಕೆ ಹೋಗುತ್ತೇವೆ. ಕನ್ನಡ ಅಭಿಮಾನ ಇಲ್ಲ ಅಂತ ಇದಕ್ಕೆ ಬೈಯುವವರಿದ್ದಾರೆ. ನನಗೆ ಇದು ನಮ್ಮ ಆಸ್ತಿ ಅನ್ನಿಸುತ್ತೆ. ಆದರೆ ಸಣ್ಣ ಕನ್ನಡ ಸಿನಿಮಾಕ್ಕೆ ಮಾತ್ರ ಇದು ಕಷ್ಟ. ಅದಕ್ಕೆ ಸಿಗೋದು ಬೆಳಗಿನ ಒಂದು ಶೋ. ಕೂಲಿಗೆ ಹೋಗುವವನು, ಅಂಗಡಿ ತೆಗೆಯುವವನು, ಶಾಲೆಗೆ ಮಕ್ಕಳನ್ನು ಕಳಿಸುವವಳು ಆ ಹೊತ್ತಲ್ಲಿ ಟಾಕೀಸಿಗೆ ಬರ್ತಾರಾ? ಸೋಮವಾರಕ್ಕೆ 'ಜನ ಇಲ್ಲ' ಅಂತ ತೆಗೆದುಬಿಡುತ್ತಾರೆ. ಬಾಯಿಂದ ಬಾಯಿಗೆ ಸುದ್ದಿ ಹೋಗಲಿಕ್ಕೆ ಕಮ್ಮಿ ಅಂದರೂ ಒಂದು ವಾರ ಬೇಕು. 'ಸು ಫ್ರಮ್ ಸೋ'ಗೆ ಅದು ಸಿಕ್ಕಿತು. ಎಲ್ಲರಿಗೂ ಸಿಗೋದಿಲ್ಲ.

ಟಿಕೆಟ್ ದರದ ಗದ್ದಲ ನಿಮಗೆ ನೆನಪಿರಬಹುದು. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಟೀವಿಯಲ್ಲಿ ವಾರಗಟ್ಟಲೆ ಚರ್ಚೆ. ನಮ್ಮೂರಿನ ಟಾಕೀಸಿನಲ್ಲಿ ಬಾಲ್ಕನಿ 200 ಮುಟ್ಟೋದೇ ದೊಡ್ಡ ಹಬ್ಬದ ಪಿಚ್ಚರ್ ಬಂದಾಗ. ಇದು ಬೆಂಗಳೂರಿನ ಜಗಳ. ನಮಗೆ ಕೆಲಸಕ್ಕೆ ಬಂದದ್ದು ಅದೇ ತಿಂಗಳು 100 ರೂಪಾಯಿವರೆಗಿನ ಟಿಕೆಟ್ ಮೇಲೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು. ಅದರ ಬಗ್ಗೆ ಯಾರೂ ಕೂಗಾಡಲಿಲ್ಲ.

ಈ ದಾರಿಯ ಕಥೆಯಲ್ಲಿ ನನಗೆ ಜಾಸ್ತಿ ನೋವಾಗಿದ್ದು 'ಫೋಟೋ' ಬಗ್ಗೆ. ರಾಯಚೂರು ಕಡೆಯ ಉತ್ಸವ್ ಗೋನವಾರ ಮಾಡಿದ್ದು, ಬಿಡುಗಡೆ 2024ರ ಮಾರ್ಚ್. ದುರ್ಗ್ಯಾ ಅನ್ನೋ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಲ್ಲಿ ಕೂಲಿ. ಹುಡುಗ ಅಲ್ಲಿಗೆ ಹೋಗುತ್ತಾನೆ, ಲಾಕ್‌ಡೌನ್ ಆಗುತ್ತೆ, ಅಪ್ಪ ಮಗ ಊರಿನ ಕಡೆ ನಡೆಯುತ್ತಾರೆ. ಅಪ್ಪನ ಪಾತ್ರ ಮಾಡಿದ ಮಹಾದೇವ ಹಡಪದ ಎಲ್ಲೂ ಅತ್ತು ಕರೆದು ಮಾಡೋದಿಲ್ಲ. ದುಡಿದು ಸಾಕಾದ ಮನುಷ್ಯ ಹೆಂಗಿರ್ತಾನೋ ಹಂಗೇ ಇದ್ದಾರೆ.

ಗುಳೆ ಅನ್ನೋ ಮಾತು ನಮ್ಮ ಯಾದಗಿರಿ, ಕಲಬುರಗಿ, ರಾಯಚೂರಿನವರಿಗೆ ವಿವರಿಸಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಪುಣೆಗೆ, ಮುಂಬೈಗೆ, ಹೈದರಾಬಾದಿಗೆ ಹೋಗುವ ಬಸ್ಸು, ರೈಲು ನೋಡಿದರೆ ಸಾಕು. ಮೇಲೆ ಗಂಟು, ಕೆಳಗೆ ಮಕ್ಕಳು. 2020ರ ಏಪ್ರಿಲ್, ಮೇ ತಿಂಗಳಲ್ಲಿ ಅದೇ ಜನ ನಡೆದು ಬಂದರು. ಆ ಕಥೆ ಯಾರ ಬಗ್ಗೆಯೋ ಅವರ ಊರುಗಳಿಗೆ ಅದು ಮುಟ್ಟಬೇಕಿತ್ತು. ಅವರ ಊರಲ್ಲಿ ಟಾಕೀಸೇ ಇಲ್ಲ. ಇದ್ದ ಒಂದು ಕಲ್ಯಾಣ ಮಂಟಪ ಆಗಿದೆ.

ಸಾಕ್ಷ್ಯಚಿತ್ರದ ಪಾಡು ಇನ್ನೂ ಬೇರೆ. ನಮ್ಮಪ್ಪನ ಕಾಲದಲ್ಲಿ ಪಿಚ್ಚರ್ ಶುರುವಾಗೋ ಮುಂಚೆ ಕೇಂದ್ರ ಸರ್ಕಾರದ ಫಿಲಂಸ್ ಡಿವಿಜನ್‌ನ ನ್ಯೂಸ್ ರೀಲ್ ಹಾಕಲೇಬೇಕಿತ್ತು. ಅಣೆಕಟ್ಟು, ನೆರೆ ಹಾವಳಿ, ನೆಹರೂ. ಅಪ್ಪ ಬೇಕಂತಲೇ ಹದಿನೈದು ನಿಮಿಷ ತಡವಾಗಿ ಹೋಗುತ್ತಿದ್ದರಂತೆ. ಸಾಕ್ಷ್ಯಚಿತ್ರ ಅಂದರೆ ಬೋರು ಅನ್ನೋ ಭಾವನೆ ಅಲ್ಲಿಂದಲೇ ಬಂದಿರಬೇಕು. 1948ರ ಆ ಫಿಲಂಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಒಳಗೆ ಸೇರಿಹೋಯಿತು.

ಈಗಿನ ಸಾಕ್ಷ್ಯಚಿತ್ರಗಳು ಹಾಗಿಲ್ಲ. ಶೌನಕ್ ಸೇನ್ ಅವರ 2022ರ 'ಆಲ್ ದಟ್ ಬ್ರೀದ್ಸ್' ನೋಡದಿದ್ದರೆ ನೋಡಿ. ದೆಹಲಿಯಲ್ಲಿ ಗಾಯಗೊಂಡು ಆಕಾಶದಿಂದ ಬೀಳುವ ಹದ್ದುಗಳಿಗೆ ಅಣ್ಣ ತಮ್ಮ ಇಬ್ಬರು ತಮ್ಮ ನೆಲಮಾಳಿಗೆಯಲ್ಲಿ ಔಷಧ ಮಾಡುತ್ತಾರೆ. ಶುರುವಿನಲ್ಲೇ ರಾತ್ರಿ ಹೊತ್ತು ಕಸದ ಬಯಲಲ್ಲಿ ಇಲಿಗಳು. ಕ್ಯಾಮೆರಾ ನೆಲಕ್ಕೆ ಅಂಟಿಕೊಂಡು ನಿಧಾನ ಸರಿಯುತ್ತೆ. ಅಸಹ್ಯ ಆಗಬೇಕು, ಆಗೋದಿಲ್ಲ. ಅದರ ಹಿಂದಿ, ಉರ್ದು ಬೆರೆತ ಮಾತು ನಮ್ಮ ಕಲಬುರಗಿಯ ಮೊಮಿನ್‌ಪುರದವರಿಗೆ ಸಬ್‌ಟೈಟಲ್ ಇಲ್ಲದೇ ತಿಳಿಯುತ್ತೆ. ಇದರ ಮುಂದೆ ಆಸ್ಕರ್ ಗೆದ್ದ 'ದಿ ಎಲಿಫೆಂಟ್ ವಿಸ್ಪರರ್ಸ್' ನನಗೆ ಸ್ವಲ್ಪ ಸಿಹಿ ಜಾಸ್ತಿಯಾಯಿತು. ಅದರಲ್ಲಿ ಆನೆಮರಿ ಸಾಕುವ ಬೊಮ್ಮನ್, ಬೆಳ್ಳಿ ಇಬ್ಬರೂ ಬಂಗಾರದಂಥ ಮನುಷ್ಯರು. ಆದರೆ ಪ್ರತಿ ಸೂರ್ಯಾಸ್ತಕ್ಕೂ ಕ್ಯಾಮೆರಾ ನಿಂತು ನಮ್ಮ ಕಡೆ ನೋಡಿ 'ಚೆಂದ ಅಲ್ವಾ?' ಅನ್ನುತ್ತೆ.

ಕನ್ನಡದಲ್ಲಿ ಟಾಕೀಸಿಗೆ ಜನ ಬಂದು ನೋಡಿದ ಸಾಕ್ಷ್ಯಚಿತ್ರ ಅಂದರೆ 2022ರ 'ಗಂಧದ ಗುಡಿ'. ನಿರ್ದೇಶಕ ಅಮೋಘವರ್ಷ ಅವರ ಕೆಲಸ ಚೆನ್ನಾಗಿದೆ. ಆದರೆ ಜನ ಬಂದದ್ದು ಪುನೀತ್ ಅವರನ್ನು ಕೊನೇ ಸಲ ನೋಡೋಕೆ. ನಾನೂ ಅದಕ್ಕೇ ಹೋಗಿದ್ದೆ. ಅದೂ ಕಾಡು, ಕಡಲು. ಕರ್ನಾಟಕ ಅಂದರೆ ಹಸಿರು ಅಂತ ಹೊರಟ ಕ್ಯಾಮೆರಾಕ್ಕೆ ತೊಗರಿ ಹೊಲ ಕಾಣೋದಿಲ್ಲ.

ಬೀದರಿನಲ್ಲಿ ಒಮ್ಮೆ ಬಿದ್ರಿ ಕೆಲಸದ ಮನೆಯಲ್ಲಿ ಅರ್ಧ ದಿನ ಕೂತಿದ್ದೆ. ಸತುವು, ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆ. ಅದರ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿದ್ದಾರೆ. ಎಲ್ಲಾ ಒಂದೇ ಬೂದು ಬಣ್ಣ, ಕೆತ್ತನೆ ಕಾಣೋದೇ ಇಲ್ಲ. ಕೊನೆಗೆ ಕೋಟೆಯೊಳಗಿನ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ತಿಕ್ಕುತ್ತಾರೆ. ನೋಡನೋಡುತ್ತಾ ಪಾತ್ರೆ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿದು ಹೂವು ಬಳ್ಳಿ ಮೇಲೇಳುತ್ತೆ. ಮಾಡುವವರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಇದರ ಮೇಲೆ ನಾನು ನೋಡಿದ ವಿಡಿಯೋಗಳಲ್ಲೆಲ್ಲ ಆ ಗಳಿಗೆ ಮೂರು ಸೆಕೆಂಡು, ಹಿಂದೆ ಸಿತಾರ್. ಅವಸರ ಯಾಕೆ? ಸುಮ್ಮನೆ ಕ್ಯಾಮೆರಾ ಇಟ್ಟು ಕೂತರೆ ಅರ್ಧ ಸಿನಿಮಾ ಆಯಿತು. ಪಕ್ಕದಲ್ಲೇ ನೌಬಾದಿನ ಕರೇಜ್ ಇದೆ, ಬಹಮನಿ ಕಾಲದಲ್ಲಿ ನೆಲದೊಳಗೆ ನೀರಿಗೆ ತೋಡಿದ ಸುರಂಗ. ಅದರದ್ದೂ ಇದೇ ಕಥೆ.

ಓಟಿಟಿ ಇದೆಯಲ್ಲ ಅನ್ನಬಹುದು. ದೊಡ್ಡ ಓಟಿಟಿಗಳಿಗೆ ಕನ್ನಡದ ಸಣ್ಣ ಸಿನಿಮಾ ಬೇಡ. ರಕ್ಷಿತ್ ಶೆಟ್ಟಿಯಂಥ ಹೆಸರಿದ್ದವರೇ 2024ರಲ್ಲಿ 'ಏಕಂ' ಸರಣಿಯನ್ನು ಯಾರೂ ತಗೊಳ್ಳದೆ ತಮ್ಮದೇ ವೆಬ್‌ಸೈಟಿನಲ್ಲಿ ಹಾಕಬೇಕಾಯಿತು. 2025ರ ಮಾರ್ಚ್‌ನ ಬಜೆಟ್ಟಿನಲ್ಲಿ ಸರ್ಕಾರವೇ ಕನ್ನಡ ಸಿನಿಮಾಕ್ಕೆ ಓಟಿಟಿ ಮಾಡುತ್ತೇವೆ ಅಂದಿತು. ನನಗೆ ಅದಕ್ಕಿಂತ ಸಣ್ಣ ಆಸೆ ಇದೆ. ಬಹಳಷ್ಟು ಜಿಲ್ಲೆಗಳಲ್ಲಿ ಒಂದು ರಂಗಮಂದಿರ ಇದ್ದೇ ಇದೆ. ವರ್ಷದಲ್ಲಿ ಎಷ್ಟೋ ಸಂಜೆ ಅದಕ್ಕೆ ಬೀಗ. ತಿಂಗಳಿಗೆ ಎರಡು ಭಾನುವಾರ, ಸಂಜೆ ಆರೂವರೆಗೆ, 50 ರೂಪಾಯಿ ಟಿಕೆಟ್ ಇಟ್ಟು ಇಂಥ ಸಿನಿಮಾ ಹಾಕಿದರೆ ನಿರ್ಮಾಪಕನಿಗೆ ವಾರದ ಬಾಡಿಗೆಯ ಭಯವಿಲ್ಲ. ಪುಗಸಟ್ಟೆ ತೋರಿಸೋದು ಬೇಡ. ಪುಗಸಟ್ಟೆ ಅಂದರೆ ಮೊದಲ ಎರಡು ಸಾಲು ಅಧಿಕಾರಿಗಳಿಗೆ, ಆಮೇಲೆ ಒಂದು ಗಂಟೆ ಭಾಷಣ.

ಬೆಂಗಳೂರಿಂದ ವಾಪಸ್ ಬಂದ ಮೇಲೆ ಶಿವಮ್ಮನ ಕಥೆಯನ್ನು ನಮ್ಮ ಚಿಗವ್ವನಿಗೆ ಹೇಳಿದೆ. ಆಕೆಯೂ ಹಿಂದೆ ಇಂಥದೇ ಒಂದು ಕಂಪನಿಗೆ ದುಡ್ಡು ಹಾಕಿ, ಡಬ್ಬಿಗಳನ್ನು ಮಂಚದ ಕೆಳಗೆ ಪೇರಿಸಿಟ್ಟು, ಕೊನೆಗೆ ಮನೆಯವರೇ ಕುಡಿದು ಖಾಲಿ ಮಾಡಿದವಳು. ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಎಲ್ಲಾ ಕೇಳಿಸಿಕೊಂಡಳು. ನಡುವೆ ಒಮ್ಮೆಯೂ ನಗಲಿಲ್ಲ. ಮುಗಿದ ಮೇಲೆ ಕೇಳಿದಳು:

'ಆಕಿ ರೊಕ್ಕ ವಾಪಸ್ ಬಂತೇನು ತಮ್ಮಾ?'

'ನೀನೇ ನೋಡಬೇಕು ಚಿಗವ್ವ,' ಅಂದೆ.

ಸೆರಗಿಗೆ ಕೈ ಒರೆಸಿಕೊಂಡಳು. 'ಬರ್ತೀನಿ ನಡಿ. ಯಾವ ಟಾಕೀಸಿನಾಗ ನಡದದ?'